ಪುಕ್ಕಟೆ ಪ್ಲೇಯರ್ ಮತ್ತು ಬೀಗರ ಹಾಡು

ಪರದೆ ತುಂಬ ಹಸಿರು ಗುಂಡಿಗಳು. ಎಲ್ಲದರ ಮೇಲೂ ‘ಡೌನ್‌ಲೋಡ್’ ಎಂದೇ ಬರೆದಿದೆ. ಪಕ್ಕದಲ್ಲಿ ‘ಫ್ರೀ’ ಅಂತ ಬೇರೆ. ನೀವೇ ಹೇಳಿ, ಮರ್ಯಾದಸ್ಥನ ಅಂಗಡಿಗೆ ಅಷ್ಟೊಂದು ಬಾಗಿಲು ಯಾಕಿರಬೇಕು?

ನನಗೆ ಬೇಕಿದ್ದದ್ದು ಒಂದು ಸಾದಾ ವಿಡಿಯೊ ಪ್ಲೇಯರ್. ನಮ್ಮ ಮದುವೆಯ ಸಿಡಿ ಓಡಬೇಕು, ಅಷ್ಟೆ. ಮಗಳ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಜಾಗವಿರುವುದು ಮೂಲೆಯಲ್ಲಿ ಟವೆಲ್ ಹೊದ್ದು ಕೂತಿರುವ ನನ್ನ ಹಳೆಯ ಕಂಪ್ಯೂಟರಿನಲ್ಲಿ. ಅದರೊಳಗಿದ್ದ ಪ್ಲೇಯರ್ ಸಿಡಿ ನುಂಗಿತು, ಗುರುಗುಟ್ಟಿತು, ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಹೊಸ ಪ್ಲೇಯರ್‌ಗಳೋ, ಈ ಮುದುಕನ ಜೊತೆ ನಮಗಾಗುವುದಿಲ್ಲ ಎಂದು ಮೊದಲೇ ಕೈಯೆತ್ತಿದವು.

ಈಗ್ಯಾಕಪ್ಪ ಮದುವೆಯ ನೆನಪು ಎನ್ನುತ್ತೀರಾ? ಆಸೆ ನನ್ನದಲ್ಲ. ಮುಂದಿನ ವಾರ ತಾಂಬರಂನ ಛತ್ರದಲ್ಲಿ ನಾದಿನಿಯ ಮಗಳ ಮದುವೆ. ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಬೀಗರ ಹಾಡು ಹೇಳಿ ಅವರ ಮಾನ ಹರಾಜು ಹಾಕಬೇಕಲ್ಲ? ನಮ್ಮ ಅತ್ತೆಯ ಮನೆಯಲ್ಲಿ ಅದನ್ನು ಹೇಳುತ್ತಿದ್ದವರು ಅತ್ತೆಯ ಅಕ್ಕ. ಧಾಟಿ, ಪಲ್ಲವಿ ಒಂದೇ; ಚರಣಗಳನ್ನು ಅಳಿಯನ ಮುಖ ನೋಡಿ ಅಲ್ಲೇ ಕಟ್ಟುತ್ತಿದ್ದರು. ಅವರು ಈಗಿಲ್ಲ. ಧಾಟಿ ಅತ್ತೆಯ ನಾಲಿಗೆಯ ತುದಿವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಇನ್ನು ಅದು ಉಳಿದಿರುವುದು ನಮ್ಮ ಸಿಡಿಯಲ್ಲಿ ಮಾತ್ರ.

“ಅಕ್ಕನ ಹಾಡಿಲ್ದೆ ಮದ್ವೆ ಹ್ಯಾಗ್ರೀ ಮಾಡೋದು? ಏನಾದ್ರೂ ಮಾಡಿ ಹುಡುಕ್ಕೊಡಿ,” ಎಂದರು ಅತ್ತೆ. ನನ್ನ ಹತ್ತಿರ ಅವರು ಏನನ್ನೂ ಕೇಳಿದವರಲ್ಲ.

ಸಿಡಿಯಲ್ಲಿರುವುದನ್ನು ಪೆನ್‌ಡ್ರೈವ್‌ಗೆ ಹಾಕಿಸೋಣವೆಂದು ಪ್ಯಾರೀಸ್ ಕಾರ್ನರ್‌ನ ಅಂಗಡಿ ಬೀದಿಗೆ ಹೋದೆ. ಅಂಗಡಿಯವನು, “ಸಿಡಿ ವಿಟ್ಟುಟ್ಟು ಪೋಂಗ ಸಾರ್, ನಾಳೈಕ್ಕು ತರೇನ್,” ಎಂದ. ಬಿಟ್ಟು ಹೋಗಬೇಕಂತೆ, ನಾಳೆ ಕೊಡುತ್ತಾನಂತೆ. ನನ್ನ ಮದುವೆ ಒಂದು ದಿನ ಇವನ ಹತ್ತಿರ ಯಾಕಿರಬೇಕು? ಜೇಬಿಗೆ ಹಾಕಿಕೊಂಡು ವಾಪಸು ಬಂದೆ.

“ಎಲ್ಲಾಮೇ ಫ್ರೀಪ್ಪಾ, ಡೌನ್‌ಲೋಡ್ ಪಣ್ಣುಪ್ಪಾ!” ಎಂದಳು ಮಗಳು. (ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಬರುವ ಮನೆ ನಮ್ಮದು.)

ಫ್ರೀ! ಅದೇ ನನ್ನ ತಲೆನೋವು. ಸೊಪ್ಪಿನವಳು ಒಂದೆಸಳು ಕರಿಬೇವನ್ನೂ ಸುಮ್ಮನೆ ಹಾಕದ ಕಾಲದಲ್ಲಿ, ಮುಖ ಕಾಣದವನೊಬ್ಬ ನನಗೆ ಪ್ಲೇಯರ್ ಕೊಡುತ್ತಾನೆಂದರೆ ಅವನ ಕಣ್ಣು ಯಾವುದರ ಮೇಲಿದೆ?

ಗುಂಡಿಗಳನ್ನು ನೋಡುತ್ತ ಕೂತೆ. ಹಿಂದಿನಿಂದ ಹೆಂಡತಿ ವಸುಧಾಳ ದನಿ:

“ನಿಮ್ಗೆ ಆ ಸಿಡಿ ಓಡೋದೇ ಬೇಕಾಗಿಲ್ಲ. ಹಾಡಲ್ಲಿ ನಿಮ್ಮನ್ನ ಆಡ್ಕೊಂಡಿದ್ದಾರಲ್ಲ, ಅದಕ್ಕೇ ಈ ಮೀನಮೇಷ.”

ಅನುಮಾನ ಪಡುವವನ ಮೇಲೇ ಅನುಮಾನ! ಸತ್ಯವಾಗಿ ಹೇಳುತ್ತೇನೆ, ಆ ಹಾಡು ಕೇಳಿದ ನೆನಪೇ ನನಗಿಲ್ಲ. ಊಟದ ಹೊತ್ತಿಗೆ ಎಲ್ಲರೂ ನಗುತ್ತಿದ್ದದ್ದು ಗೊತ್ತು. ಯಾಕೆಂದು ಗೊತ್ತಿಲ್ಲ.

ಕೊನೆಗೆ ಮಗಳೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದಳು. ನಾನು ಬ್ಯಾಂಕಿನ ಆ್ಯಪ್ ಇರುವ ಮೊಬೈಲನ್ನು ಅಡುಗೆಮನೆಯಲ್ಲಿಟ್ಟು ಬಂದೆ. (ಸ್ವಲ್ಪ ದೂರವಿದ್ದರೆ ಒಳ್ಳೆಯದಲ್ಲವೇ?) ಅವಳು ಹಸಿರು ಗುಂಡಿಗಳನ್ನೆಲ್ಲ ಬಿಟ್ಟು, ಕೆಳಗೆ ಇರುವೆ ಗಾತ್ರದಲ್ಲಿದ್ದ ಅಕ್ಷರಗಳ ಮೇಲೆ ಒತ್ತಿದಳು. ಪುಟ್ಟ ಪ್ಲೇಯರ್ ಇಳಿಯಿತು. ಏನೂ ಕೇಳಲಿಲ್ಲ, ಏನೂ ಮಾರಲಿಲ್ಲ. ಸಿಡಿ ಓಡಿತು.

ಪಂಕ್ತಿಯಲ್ಲಿ ಬಾಳೆಲೆಗಳು. ಅತ್ತೆಯ ಅಕ್ಕ ಸೆರಗು ಬಿಗಿದು ಎದ್ದು ನಿಂತು ದನಿ ತೆಗೆದರು. ಇತ್ತ ಅತ್ತೆಯ ತುಟಿಯೂ ಅಲ್ಲಾಡತೊಡಗಿತು. ಪಲ್ಲವಿ ಸಿಕ್ಕಿತು! ಕಣ್ಣೊರೆಸಿಕೊಳ್ಳುತ್ತ ಅಕ್ಕನ ಜೊತೆಗೇ ಹಾಡಿದರು. ಆಮೇಲೆ ಬಂತು ಚರಣ:

“ಬಾಳೆಲೆ ಮುಂದೆ ಅಳಿಯನಿಲ್ಲ, ಬಾಗಿಲಿಗೋಡಿದ ಯಾಕಮ್ಮಾ?
ಮಾವ ಕೊಡಿಸಿದ ಮೆಟ್ಟಿನ ಕಾವಲು, ಮಡದಿಯನ್ನೇ ಮರೆತನಮ್ಮಾ!”

ಕ್ಯಾಮೆರಾ ವಸುಧಾಳ ಪಕ್ಕಕ್ಕೆ ತಿರುಗಿತು. ಖಾಲಿ ಮಣೆ. ಅಲ್ಲಿಂದ ಛತ್ರದ ಬಾಗಿಲಿಗೆ. ಪೇಟ ಜಾರಿದ ಮದುಮಗನೊಬ್ಬ ಚಪ್ಪಲಿ ರಾಶಿಯ ಮುಂದೆ ಬಗ್ಗಿ ನಿಂತಿದ್ದಾನೆ. ಇಡೀ ಪಂಕ್ತಿ ಬಿದ್ದು ಬಿದ್ದು ನಗುತ್ತಿದೆ.

“ಅಂದ ಚೆರುಪ್ಪ ಯಾರುಪ್ಪಾ ತಿರುಡುವಾ?” ಎಂದು ಮಗಳು ಹೊಟ್ಟೆ ಹಿಡಿದುಕೊಂಡಳು. ಆ ಚಪ್ಪಲಿಯನ್ನು ಯಾರು ತಾನೇ ಕದಿಯುತ್ತಾರೆ ಎಂದು.

ಹೌದಲ್ಲ! ಹೊಚ್ಚ ಹೊಸ ಚಪ್ಪಲಿ, ಮದುವೆ ಮನೆ, ಅಷ್ಟೊಂದು ಜನ. ಯಾಕೆ ಯಾರೂ ಕದಿಯಲಿಲ್ಲ?