ಎಡಗಡೆ ಸೀಟಿನ ಮಾಸ್ಟರ್

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಎಡಗಡೆ ಕೂತ ಮಾಸ್ಟರ್ ಕಾಲಡಿ. ಯಲಹಂಕದಲ್ಲಿ ವರ್ಷಗಟ್ಟಲೆ ಆ ಎಡಗಡೆ ಸೀಟಿನಲ್ಲಿ ಕೂತು ನಾನು ಅರ್ಧ ಊರಿಗೆ ಕಾರು ಕಲಿಸಿದ್ದೇನೆ, ಉಳಿದರ್ಧ ಊರನ್ನು ಅವರಿಂದ ಕಾಪಾಡಿದ್ದೇನೆ. ಇದರಲ್ಲಿ ಜಂಬವೇನೂ ಇಲ್ಲ, ನಡೆದದ್ದೇ ಹಾಗೆ.

ಆ ಕೆಲಸದ ವೇಳೆ ವಿಚಿತ್ರವಾದದ್ದು. ಕಲಿಯುವವರಿಗೆಲ್ಲ ಅವರವರ ಕೆಲಸ ಇರುವುದರಿಂದ ಕ್ಲಾಸು ಬೆಳಿಗ್ಗೆ ಆರರಿಂದ ಹತ್ತು, ಮತ್ತೆ ಸಂಜೆ ನಾಲ್ಕರಿಂದ ಎಂಟು. ನಡುವಿನ ಆರು ಗಂಟೆ ನಾನು ಮನೆಯಲ್ಲಿರುತ್ತಿದ್ದೆ. ಆಗ ಮನೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ಹೆಂಡತಿ ಬಾಗಲೂರಿನ ಶಾಲೆಯೊಂದರಲ್ಲಿ ಟೀಚರ್, ಮಗಳು ಐದನೇ ಕ್ಲಾಸು. ಅವರು ಬರುವ ಹೊತ್ತಿಗೆ ನಾನು ಹೊರಡುತ್ತಿದ್ದೆ. ಗೇಟಿನ ಹತ್ತಿರ ಎದುರಾದಾಗ "ಹಾಲು ಕಾಯ್ಸಿದೀನಿ" ಎಂದು ಹೇಳುವಷ್ಟು ಮಾತ್ರ ಸಂಸಾರ ನಡೆಯುತ್ತಿತ್ತು. ಭಾನುವಾರ ಕಂಪನಿ ಕೆಲಸದವರೆಲ್ಲ ಬಿಡುವಾಗಿ ಬರುತ್ತಿದ್ದರಿಂದ ಅವತ್ತು ಡಬಲ್ ಕ್ಲಾಸು. ಆದರೂ ಯಾರಾದರೂ ಕೇಳಿದರೆ "ದಿನಾ ಆರು ಗಂಟೆ ಮನೇಲೇ ಇರ್ತೀನಲ್ಲ" ಎಂದು ಧೈರ್ಯವಾಗಿ ಹೇಳುತ್ತಿದ್ದೆ.

ಸಿಕ್ಕಷ್ಟು ಹೊತ್ತಿನಲ್ಲೂ ಕೆಲಸ ನನ್ನ ಹಿಂದೆಯೇ ಮನೆಗೆ ಬರುತ್ತಿತ್ತು. ಹೆಂಡತಿ ಒಗ್ಗರಣೆಗೆ ಕೈ ಹಾಕಿದರೆ "ಸ್ಲೋ, ಸ್ಲೋ" ಎನ್ನುತ್ತಿದ್ದೆ. ಮಗಳು ಒದ್ದೆ ಕಾಲಲ್ಲಿ ಓಡಿಬಂದರೆ ಊಟಕ್ಕೆ ಕೂತ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಒಂದು ಮದುವೆಯಲ್ಲಿ ಸಾಂಬಾರಿನ ಬಕೆಟ್ ಹಿಡಿದವರು ಜೋರಾಗಿ ನನ್ನ ಕಡೆ ನುಗ್ಗಿದಾಗ ನಾನು ಒತ್ತಿದ ರಭಸಕ್ಕೆ ಟೇಬಲ್ಲಿನ ಕಾಲು ಮಡಿಚಿಕೊಂಡು ನಾಲ್ಕು ಎಲೆಗಳ ಪಾಯಸ ಒಂದೇ ಕಡೆ ಸೇರಿತು. ಹೆಂಡತಿ ಆ ಮದುವೆಯ ಫೋಟೋ ಆಲ್ಬಮ್ಮನ್ನು ಇವತ್ತಿಗೂ ನೋಡುವುದಿಲ್ಲ.

ವಿಮಾನ ನಿಲ್ದಾಣ ಬಂದು ನಾಲ್ಕೈದು ವರ್ಷವಾಗಿರಬೇಕು, ನಾವೂ ಹಳೆಯದೊಂದು ಸಣ್ಣ ಕಾರು ತೆಗೆದುಕೊಂಡೆವು. ಬಾಗಲೂರಿನ ಬಸ್ಸಿನಲ್ಲಿ ಕೋಗಿಲು ದಾಟುವವರೆಗೆ ಒಂಟಿ ಕಾಲಲ್ಲಿ ನಿಲ್ಲುತ್ತಿದ್ದ ಹೆಂಡತಿ, "ರೀ, ನಂಗೂ ಕಲಿಸ್ಕೊಡ್ರೀ" ಎಂದಳು. "ಈ ಬ್ಯಾಚ್ ಮುಗೀಲಿ ತಡಿ" ಎಂದೆ. ಬ್ಯಾಚ್ ಮುಗಿಯಿತು, ಇನ್ನೊಂದು ಬಂತು. ಹೀಗೆ ಎರಡು ವರ್ಷ ಕಳೆಯಿತು. ಮಗಳು ಏಳನೇ ಕ್ಲಾಸಿಗೆ ಹೋದಳು, ಅವಳ ಅಮ್ಮ ಬಸ್ಸಿನಲ್ಲಿ ನಿಂತೇ ಇದ್ದಳು.

ಕೊನೆಗೊಂದು ಹಬ್ಬದ ರಜೆಯಲ್ಲಿ ಅವಳನ್ನು ಸ್ಟೇರಿಂಗ್ ಮುಂದೆ ಕೂರಿಸಿದೆ. ನಮ್ಮ ಸ್ವಂತ ಕಾರಿನಲ್ಲಿ ಎಡಗಡೆ ಬ್ರೇಕ್ ಇರಲಿಲ್ಲ. ಹಾಗಾಗಿ ಬಾಯಲ್ಲೇ ಬ್ರೇಕ್ ಹಾಕತೊಡಗಿದೆ. "ಕ್ಲಚ್, ಕ್ಲಚ್ ಅಂದೆ. ಕಿವಿ ಕೇಳ್ಸಲ್ವಾ? ಆ ಎಮ್ಮೆ ಕಾಣ್ಸಲ್ವಾ? ಮಕ್ಕಳಿಗೆ ಅದೇನ್ ಪಾಠ ಮಾಡ್ತೀಯೋ." ಕೋಗಿಲು ಕೆರೆ ಹತ್ತಿರ ಅವಳು ಕಾರನ್ನು ನೀಟಾಗಿ ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬೀಗದ ಕೈಯನ್ನು ನನ್ನ ತೊಡೆ ಮೇಲಿಟ್ಟು ಇಳಿದಳು. ದಿನಾ ಬೈಯುತ್ತಿದ್ದ ಅದೇ ಬಸ್ಸಿಗೆ ಕೈ ತೋರಿಸಿ ಹತ್ತಿಕೊಂಡು ಮನೆಗೆ ಹೋದಳು. ಆಮೇಲೆ ಕಾರಿನ ಮಾತೇ ಎತ್ತಲಿಲ್ಲ. ನಾನು ಗಂಡಾಂತರ ಕಳೆಯಿತೆಂದು ಸಮಾಧಾನಪಟ್ಟುಕೊಂಡೆ.

ಮೂರು ತಿಂಗಳಾದ ಮೇಲೆ ಲೈಸೆನ್ಸ್ ಟೆಸ್ಟಿಗೆ ನನ್ನ ನಾಲ್ವರು ಶಿಷ್ಯರನ್ನು ಕರೆದುಕೊಂಡು ಹೋಗಿದ್ದೆ. ಮೈದಾನದಲ್ಲಿ ಎಲ್ಲ ಸ್ಕೂಲುಗಳ ಕಾರುಗಳೂ ಸಾಲಾಗಿ ನಿಂತಿದ್ದವು. ಹೆಬ್ಬಾಳದ ಕಡೆಯ ಒಂದು ಸ್ಕೂಲಿನ ಕಾರಿನ ಪಕ್ಕ, ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಹೆಂಡತಿ ನಿಂತಿದ್ದಳು. ನನ್ನನ್ನು ನೋಡಿದಳು, ನೋಡದವಳಂತೆ ಕಾರು ಹತ್ತಿದಳು. ರಿವರ್ಸಿನಲ್ಲಿ ಒಂದು ಕಂಬವೂ ಅಲುಗದಂತೆ ತಿರುಗಿಸಿ ನಿಲ್ಲಿಸಿದಳು. ನನ್ನ ಶಿಷ್ಯರೊಬ್ಬರ ಸರದಿ ಕೂಗಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ.

ಅವಳ ಮಾಸ್ಟರ್ ನನಗಿಂತ ಹಿರಿಯರು. ನಾನು ಅವಳ ಗಂಡ ಎಂದು ಅವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಹೆಮ್ಮೆಯಿಂದ, "ಮೇಡಂ ಒಳ್ಳೆ ಕೈ, ಮಾಸ್ಟರ್. ಮನೇವ್ರು ಯಾರೋ ಹೆದ್ರಿಸಿ ಇಟ್ಟಿದ್ರಂತೆ. ಆ ಹೆದರಿಕೆ ಬಿಡಿಸೋಕೇ ಎರಡು ವಾರ ಹಿಡೀತು" ಎಂದರು.

"ಕೆಲವ್ರು ಹಂಗೇ ಇರ್ತಾರೆ ಬಿಡಿ" ಎಂದೆ. ಬೇರೇನು ಹೇಳಲಿ?

ಮನೆಗೆ ಬಂದು ಎಗರಾಡಿದೆ. ಊರಿಗೆಲ್ಲ ಕಲಿಸುವ ಗಂಡನಿರುವಾಗ ಬೇರೆಯವರ ಹತ್ತಿರ ಹೋಗುವುದೆಂದರೆ ನನ್ನ ಮರ್ಯಾದೆ ಏನಾಗಬೇಕು ಎಂದೆ. ಅವಳು ದನಿ ಏರಿಸಲಿಲ್ಲ. "ನಿಮ್ ಕ್ಲಾಸಿನೋರು ಗೋಡೆಗೆ ಗುದ್ದಿದ್ರೂ ಪರವಾಗಿಲ್ಲ ಮೇಡಂ ಅಂತೀರಂತೆ. ನಮ್ ಸ್ಕೂಲ್ ಟೀಚರ್ಸಲ್ಲೇ ಇಬ್ರು ನಿಮ್ಮತ್ರ ಕಲ್ತಿರೋರು ಇದಾರೆ. ನಿಮ್ಮಷ್ಟು ತಾಳ್ಮೆ ಇರೋರು ಇಲ್ವಂತೆ. ಆ ತಾಳ್ಮೆ ಎಲ್ಲಾ ಅಲ್ಲೇ ಮುಗಿದೋಗುತ್ತೆ ಕಣ್ರೀ. ಮನೆಗೆ ಬರೋದು ಬರೀ ಆ ಕಾಲು, ಈ ಬಾಯಿ." ಕೊನೆಗೆ, "ನಾನು ಓಡಿಸೋವಾಗ ನೀವು ಮುಂದಿನ ಸೀಟಲ್ಲಿ ಕೂರೋ ಹಾಗಿಲ್ಲ" ಎಂದಳು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಸಿಟ್ಟೂ ಬಂತು, ಆದರೆ ಅವಳ ಮಾತಿನಲ್ಲಿ ಒಂದೂ ತಪ್ಪು ಸಿಗಲಿಲ್ಲ. ಮಾರನೆಯ ದಿನ ಡ್ರೈವಿಂಗ್ ಸ್ಕೂಲಿನ ಓನರ್ ಹತ್ತಿರ ಹೋಗಿ ಇನ್ನು ಭಾನುವಾರ ಬರಲಾಗುವುದಿಲ್ಲ ಎಂದೆ. "ಯಾಕೆ ಮಾಸ್ಟರ್, ಬೇರೆ ಕಡೆ ಸೇರ್ಕೊಂಡ್ರಾ?" ಎಂದು ಅವರು ಗಾಬರಿಯಾದರು. ಹೆಂಡತಿ ಓಡಿಸುವ ಕಾರಿನಲ್ಲಿ ನಾನು ಹಿಂದೆ ಕೂರಬೇಕು ಎಂದು ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಮತ್ತೇನೂ ಕೇಳದೆ ಒಪ್ಪಿಕೊಂಡರು.

ಮೊದಲ ಭಾನುವಾರ ಚಿಕ್ಕಬಾಣಾವರದ ಅತ್ತೆ ಮನೆಗೆ ಹೊರಟೆವು. ಅವಳು ಸ್ಟೇರಿಂಗ್ ಹಿಡಿದಳು, ಮಗಳು ಮುಂದೆ ಕೂತಳು, ನಾನು ಹಿಂದೆ. ಬಾಯಿ ಬಿಡಬಾರದೆಂದು ತುಂಬ ಎಲೆ ಅಡಿಕೆ ಹಾಕಿಕೊಂಡಿದ್ದೆ. ಅಟ್ಟೂರು ದಾಟುವಷ್ಟರಲ್ಲಿ ಮುಂದಿನವರಿಬ್ಬರ ಮಾತಿನಿಂದ ಎಷ್ಟೋ ವಿಷಯ ತಿಳಿಯಿತು. ಮಗಳು ಡ್ಯಾನ್ಸ್ ಕ್ಲಾಸು ಬಿಟ್ಟು ವರ್ಷವಾಗಿತ್ತು. ಅತ್ತೆಗೆ ಕಣ್ಣಿನ ಪೊರೆ ತೆಗೆಸಿಯಾಗಿತ್ತು. ಎಲೆ ಅಡಿಕೆಯನ್ನು ಕಷ್ಟಪಟ್ಟು ಒಂದು ಕೆನ್ನೆಗೆ ತಳ್ಳಿ, "ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ವಿ ಅಪ್ಪ" ಎಂದಳು ಮಗಳು. "ನೀನು ಫೋನಲ್ಲಿ ಯಾರಿಗೋ ಪಾರ್ಕಿಂಗ್ ಹೇಳ್ಕೊಡ್ತಿದ್ದೆ."

ನಾನು ಹಿಂದಿನ ಬಾಗಿಲಿನಿಂದ ಇಳಿದದ್ದನ್ನು ಅತ್ತೆ ತಮ್ಮ ಹೊಸ ಕಣ್ಣಿನಿಂದ ಸ್ಪಷ್ಟವಾಗಿ ನೋಡಿದರು. "ಅಳಿಯಂದ್ರಿಗೆ ಏನಾರ ಆಪರೇಷನ್ ಆಯ್ತೇನೇ?" ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವತ್ತು ನನಗೆ ಊಟಕ್ಕೆ ಮೆತ್ತಗಿನ ಅನ್ನ, ಬೇಳೆ ಕಟ್ಟು ಬಂತು. ಉಳಿದವರಿಗೆ ಮುದ್ದೆ, ಕೋಳಿ ಸಾರು.

ಹೀಗೆ ಏಳೆಂಟು ಭಾನುವಾರ ಹಿಂದಿನ ಸೀಟಿನಲ್ಲೇ ಕಳೆದೆ. ಒಂದು ಮಧ್ಯಾಹ್ನ ಅತ್ತೆ ಮನೆಯಿಂದ ಹೊರಡುವಾಗ ಮಗಳು ತಾನಾಗಿಯೇ ಹಿಂದೆ ಹೋಗಿ ಕೂತಳು. ನಾನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಹೆಂಡತಿ ಒಳಗಿನಿಂದ ಕೈ ಚಾಚಿ ಎಡಗಡೆ ಬಾಗಿಲು ತೆಗೆದಳು. "ಬನ್ನಿ, ಬಿಸಿಲಿದೆ" ಎಂದಳು. ಹತ್ತಿ ಕೂತೆ. ಅಬ್ಬಿಗೆರೆ ಬಂದದ್ದು ನೆನಪಿದೆ. ಮುಂದಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಕಾರು ನಮ್ಮ ಮನೆ ಮುಂದೆ ಹೊಂಗೆ ಮರದ ಕೆಳಗೆ ನಿಂತಿತ್ತು. ಕಿಟಕಿಗಳೆಲ್ಲ ಇಳಿದಿದ್ದವು. ಮಗಳು ಯಾವಾಗಲೋ ಇಳಿದು ಒಳಗೆ ಹೋಗಿದ್ದಳು. ಹೆಂಡತಿ ಸ್ಟೇರಿಂಗ್ ಮೇಲೆ ಮಕ್ಕಳ ನೋಟ್‌ಬುಕ್ ಇಟ್ಟುಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಳು. ಅಷ್ಟು ವರ್ಷದ ನೌಕರಿಯಲ್ಲಿ ಓಡುವ ಕಾರಿನಲ್ಲಿ ನಾನು ಒಮ್ಮೆಯೂ ನಿದ್ದೆ ಮಾಡಿದವನಲ್ಲ.

"ಭಾನುವಾರಾನೂ ಸ್ಕೂಲ್ ಕೆಲಸಾನಾ?" ಎಂದೆ.

"ನೀವು ಗೊರಕೆ ಹೊಡೀತಿದ್ರಿ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ" ಎಂದಳು. "ಇನ್ನೂ ಎಂಟು ನೋಟ್‌ಬುಕ್ ಇದೆ. ಅಲ್ಲೀವರೆಗೂ ಮಲ್ಕೊಳ್ಳಿ."

ನಾನು ಸೀಟನ್ನು ಇನ್ನೊಂದಿಷ್ಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದೆ.