ಕುದಿಸಬಾರದ ಹಾಲು

ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದ ಹಾಲು, ಆಕಳದ್ದಿರಲಿ, ಎಮ್ಮೆಯದ್ದಿರಲಿ, ಪಾಕೀಟಿನದ್ದಿರಲಿ, ಮೊದಲು ಹೋಗುವುದು ಒಲೆಯ ಮೇಲಿನ ತಳ ಕಪ್ಪಾದ ಬೋಗುಣಿಗೆ. ಕುದಿಯದ ಹಾಲನ್ನು ಕೂಸಿನ ಬಾಯಿಗೆ ಇಡಬಾರದೆಂದು ನನ್ನವ್ವ ಕಲಿಸಿದ್ದಳು. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಅವ್ವ ಕಲಿಸಿದ್ದೇ ಪುಸ್ತಕ. ಹೀಗಿರುವಾಗ ಸೊಸೆ ರೇಖಾ ಬಾಣಂತನದ ರಜೆ ಮುಗಿಸಿ ನವನಗರದ ಕಚೇರಿಗೆ ಮರಳಿದ ಮೊದಲ ದಿನ, ಸಂಜೆ ನಮ್ಮೂರು ಕಮತಗಿಯಲ್ಲಿ ಬಸ್ಸಿಳಿದು ಬಂದು, ತನ್ನ ಎದೆಹಾಲನ್ನು ಪಂಪಿನಿಂದ ತೆಗೆದಿಟ್ಟಿದ್ದ ಪುಟ್ಟ ಬಾಟಲಿಯನ್ನು ನನ್ನ ಕೈಗಿತ್ತು ಮುಖ ತೊಳೆಯಲು ಹೋದಾಗ ನಾನೇನು ಮಾಡಿರಬಹುದೆಂದು ನೀವೇ ಊಹಿಸಿ. ಬೋಗುಣಿಗೆ ಸುರಿದೆ, ಒಲೆ ಹಚ್ಚಿದೆ. ಎರಡು ಬೆರಳು ಹಾಲು. ಉಕ್ಕುವಷ್ಟೂ ಇಲ್ಲದೆ ತಳ ಹಿಡಿಯಿತು.

"ಅತ್ತೀ, ಏನ್ ಮಾಡಿದ್ರಿ ಇದು," ಎಂದು ಆಕೆ ಅಲ್ಲೇ ಕೂತಳು.

"ಇಷ್ಟ ಹಾಲಿಗೆ ಅಳೂದ್ಯಾಕ? ನಾಳೆ ಮತ್ತ ಬರ್ತೈತಿ," ಎಂದೆ.

ಬರಲಿಲ್ಲ. ದಿನ ಕಳೆದಂತೆ ಎರಡು ಬೆರಳು ಒಂದಾಯಿತು, ಒಂದು ಅರ್ಧವಾಯಿತು. ರೇಖಾಳಿಗೆ ಮೈಯೆಲ್ಲ ಜ್ವರ, ಎದೆ ಕಲ್ಲು. ನೌಕರಿ ಬಿಡಿಸು ಎಂದು ಓಣಿಯವರು, ಪುಡಿ ಹಾಲು ಹಾಕು ಎಂದು ಅಂಗಡಿಯವನು. ಬುದ್ಧಿ ಹೇಳುವವರಿಗೆ ಬರವಿಲ್ಲ. ಕೊನೆಗೆ ದವಾಖಾನೆಯ ನರ್ಸಬಾಯಿ ಪಂಪನ್ನು ತಿರುಗಿಸಿ ನೋಡಿ, "ಎದಿಗೆ ಹಚ್ಚೂ ಇದರ ಬಾಯಿ ನಿನಗ ದೊಡ್ಡದಾಗೇತಿ, ಸಣ್ಣ ಅಳತೀದು ಹಾಕ್ಕೋ. ಜೋರ ಎಳದ್ರ ಜಾಸ್ತಿ ಬರೂದಿಲ್ಲವಾ, ಗಾಯ ಆಗ್ತೈತಿ ಅಷ್ಟ. ಮೂರು ತಾಸಿಗೊಮ್ಮೆ ತಪ್ಪದ ತಗಿ. ಮನಸ್ಸು ನಿಶ್ಚಿಂತಿ ಇರ್ಲಿ," ಎಂದಳು. ನನ್ನ ಕಡೆ ತಿರುಗಿ, "ನೀವು ಕುದಸಾಕ ಹೋಗಬ್ಯಾಡ್ರಿ ಅಮ್ಮಾ, ಬೆಚ್ಚನ್ನ ನೀರಾಗ ಬಾಟ್ಲಿ ಇಟ್ರ ಸಾಕು," ಎಂದಳು. ಜ್ವರಕ್ಕೆ ಔಷಧ ಸಿಕ್ಕಿತು, ಸಣ್ಣ ಬಾಯಿಯೂ ಸಿಕ್ಕಿತು, ಗಾಯ ಮಾಯಿತು. ನಿಶ್ಚಿಂತೆ ಮಾತ್ರ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಏಕೆ ಸಿಗಲಿಲ್ಲವೆಂದು ತಿಳಿದದ್ದು, ಹಾಲು ಕೆಡದಂತೆ ಮಂಜುಗಡ್ಡೆ ತುಂಬಿ ಒಯ್ಯುವ ಬರ್ಫಿನ ಥರ್ಮಾಸನ್ನು ಆಕೆ ಮರೆತು ಹೋದ ದಿನ. ಅದನ್ನು ಕೊಡಲು ಕೂಸನ್ನು ಬಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಕಚೇರಿಗೆ ಹೋದೆ. ಹೆಂಗಸರ ಪಾಯಖಾನೆಯ ಬಾಗಿಲನ್ನು ಯಾರೋ ಬಡಿಯುತ್ತಿದ್ದರು: "ರೇಖಾ, ಒಳಗ ಮಲ್ಕೊಂಡೀ ಏನ?" ಸುತ್ತ ನಗೆ. ನನ್ನ ದನಿ ಕೇಳಿದ ಮೇಲೆ ಬಾಗಿಲು ತೆರೆಯಿತು, ಒಳಗೆ ನನ್ನ ಸೊಸೆ. ಅಲ್ಲಿಯವರೆಗೆ ಚಿಲಕವಿಲ್ಲದ ಬಾಗಿಲಿಗೆ ಒಂದು ಕಾಲು ಒತ್ತಿಟ್ಟು, ಚೀಲವನ್ನು ನಲ್ಲಿಗೆ ನೇತು ಹಾಕಿ, ಆ ನಾತದಲ್ಲಿ ನಿಂತುಕೊಂಡೇ ಹಾಲು ತೆಗೆಯುತ್ತಿದ್ದಳು. ನಾನು ಒಲೆಯ ಮೇಲೆ ಸುಟ್ಟ ಎರಡು ಬೆರಳು ಹಾಲು ಹೀಗೆ ಕೂಡಿದ್ದು.

ನಾನೂ ಹಾಲುಣಿಸಿದವಳೇ. ಹೊಲದ ಬದುವಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹತ್ತು ಜನರ ನಡುವೆ. ಸೆರಗೊಂದು ಸಾಕಿತ್ತು, ಯಾಕೆಂದರೆ ಕೂಸು ಜೊತೆಗಿತ್ತು. ಕೂಸನ್ನು ಮನೆಯಲ್ಲಿಟ್ಟು ಬಾ ಎನ್ನುವ ಈ ದೊಡ್ಡವರು, ಹೆಂಗಸು ಎದೆಯ ಹಾಲನ್ನೂ ಗೂಟಕ್ಕೆ ನೇತು ಹಾಕಿ ಬರುತ್ತಾಳೆಂದು ತಿಳಿದಿದ್ದಾರೆಯೇ? ಆ ಕಚೇರಿಯಲ್ಲಿ ಚಹಾ ಕಾಸಲು ಒಂದು ಕೋಣೆಯಿತ್ತು. ಹಳೆಯ ಫೈಲುಗಳಿಗೆ ಬೀಗ, ಫ್ಯಾನು ಎರಡೂ ಇರುವ ಇನ್ನೊಂದು ಕೋಣೆಯಿತ್ತು. ಫೈಲು ಹಸಿವಾಯಿತೆಂದು ಅತ್ತದ್ದನ್ನು ನಾನಂತೂ ಕೇಳಿಲ್ಲ.

ಹೆಡ್ ಕ್ಲಾರ್ಕ್ ಊಟದ ಡಬ್ಬಿ ಬಿಚ್ಚುತ್ತಿದ್ದ. "ಏನ್ ಬೇಕಾಗಿತ್ರಿ ಅಮ್ಮಾ?"

"ಈ ಡಬ್ಬಿ ನಿಮ್ಮ ಮನ್ಯಾಗ ಪಾಯಖಾನಿಯೊಳಗ ಕುಂತು ಕಟ್ತಾರೇನ್ರಿ?"

ಆತ ಡಬ್ಬಿ ಮುಚ್ಚಿದ. ವಿಷಯ ಹೇಳಿ, ಫೈಲಿನ ಕೋಣೆಯ ಬೀಗದ ಕೈ ಕೇಳಿದೆ.

"ಹಂಗ ರೂಲ್ಸ್ ಇಲ್ಲರಿ. ಸಾಹೇಬ್ರು ಬರ್ಲಿ, ಕೇಳೂಣು."

"ಹಾಲು ಸಾಹೇಬ್ರ ದಾರಿ ಕಾಯಂಗಿಲ್ಲಪಾ. ನೀ ಕೀಲಿ ಕೊಡು, ಸಾಹೇಬ್ರು ಕೇಳಿದ್ರ ಮುದುಕಿ ಕಸಗೊಂಡು ಹೋದ್ಳು ಅನ್ನು."

ಕೊಟ್ಟ. ತಿರುಗಿ ಬರುವಾಗ ಬಸ್ಸಿನಲ್ಲಿ ರೇಖಾ ಕೂಸನ್ನು ನನ್ನ ಬಗಲಿನಿಂದ ಎತ್ತಿಕೊಂಡಳು. "ನಾಳೆ ಎಲ್ಲಾರೂ ನಗ್ತಾರ ಅತ್ತೀ."

"ನಗ್ಲಿ. ನಗೂವಷ್ಟೊತ್ತು ಬಾಗಲಾ ಬಡಿಯೂದಿಲ್ಲಲ್ಲ."

ಕದ ಹಾಕಿಕೊಂಡು, ಕುರ್ಚಿಯಲ್ಲಿ ಕೂತು, ಹೊತ್ತಿಗೆ ಸರಿಯಾಗಿ ತೆಗೆಯತೊಡಗಿದ ಮೇಲೆ ಹಾಲು ನಿಧಾನಕ್ಕೆ ಮರಳಿತು. ತಿಂಗಳೊಳಗೆ ಬಾಟಲಿ ಕುತ್ತಿಗೆಯವರೆಗೆ ಬಂತು. ಈಗ ಸಂಜೆ ಬೋಗುಣಿಯಲ್ಲಿ ನಾನು ನೀರಷ್ಟೇ ಬೆಚ್ಚಗೆ ಮಾಡುತ್ತೇನೆ, ಅದರೊಳಗೆ ಬಾಟಲಿ ನಿಲ್ಲಿಸುತ್ತೇನೆ. ಅವ್ವನ ಪಾಠವನ್ನು ಈ ವಯಸ್ಸಿನಲ್ಲಿ ತಿದ್ದಿಕೊಂಡೆ. ಮುದುಕಿ ತಿದ್ದಿಕೊಂಡದ್ದನ್ನು ಓದಿದವರು ತಿದ್ದಿಕೊಳ್ಳಲು ರೂಲ್ಸ್ ಬೇಕಂತೆ.

ಇವತ್ತು ಬಾಟಲಿ ಖಾಲಿ ಬಂತು. ಫೈಲಿನ ಕೋಣೆಗೆ ಹೊಸ ಕಪಾಟು ತಂದಿಟ್ಟಿದ್ದಾರೆ, ಕೋಣೆಯ ಕೀಲಿ ಈಗ ಸಾಹೇಬರ ಬಳಿ ಇದೆಯಂತೆ. ಬೋಗುಣಿಯಲ್ಲಿ ಬೆಚ್ಚಗಿದ್ದ ನೀರು ತಣ್ಣಗಾಯಿತು, ನಾನು ಆಗಿಲ್ಲ. ನಾಳೆ ಮುಂಜಾನೆಯ ಬಸ್ಸಿಗೆ ರೇಖಾಳ ಜೊತೆ ನಾನೂ ಹೊರಡುತ್ತೇನೆ, ಕೂಸನ್ನೂ ಕರೆದುಕೊಂಡು. ಕೀಲಿ ಸಿಗುವ ತನಕ ಅದು ಸಾಹೇಬರ ಮೇಜಿನ ಮುಂದೆಯೇ ಅಳಲಿ.