ಏಳುವುದನ್ನು ಕಲಿಸಿದ ಕಾಳಕ್ಕ

ಮದಕರಿಪುರದ ಕಾಳಕ್ಕನಿಗೆ ಈಗ ಐವತ್ತೆಂಟು. ಒಂಬತ್ತು ಆಡು ಮೇಯಿಸಿಕೊಂಡಿದ್ದಾಳೆ. ಅವಳು ಹಗ್ಗದ ಮೇಲೆ ನಡೆದವಳೆಂದರೆ ಊರಿನ ಹೊಸ ಸೊಸೆಯಂದಿರಿಗೆ ನಂಬಿಕೆಯೇ ಬರುವುದಿಲ್ಲ. ಏಳು ವರ್ಷದವಳಿದ್ದಾಗಿನಿಂದ ಮಗಳು ಹೊಟ್ಟೆಯಲ್ಲಿ ನಿಲ್ಲುವವರೆಗೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಂತೆಗಳಲ್ಲಿ ಎರಡಾಳೆತ್ತರಕ್ಕೆ ಬಿಗಿದ ಹಗ್ಗದ ಮೇಲೆ ಬಿದಿರಿನ ಗಳ ಹಿಡಿದು ನಡೆದಿದ್ದಳು. ಕೆಳಗೆ ಅಪ್ಪ ಕಾಟಯ್ಯ ಡೋಲು ಬಡಿಯುತ್ತಿದ್ದ. ಬಾಣಂತನಕ್ಕೆಂದು ಊರಿಗೆ ಬಂದವಳು ಮತ್ತೆ ಹಗ್ಗ ಹತ್ತಲಿಲ್ಲ. ಅದಕ್ಕಾಗಿ ಕೊರಗಿದವಳೂ ಅಲ್ಲ.

ಹೋದ ವರ್ಷ ನಿವೃತ್ತ ಮೇಷ್ಟ್ರು ಶಿವಕುಮಾರಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಐದು ತಿಂಗಳಾದ ಮೇಲೆ ಡಾಕ್ಟರು ಮೂಳೆ ಕೂಡಿದೆ, ಇನ್ನು ಧಾರಾಳವಾಗಿ ನಡೆಯಿರಿ ಎಂದರೂ ಮೇಷ್ಟ್ರು ಮಂಚ ಬಿಟ್ಟು ಇಳಿಯಲೊಲ್ಲರು. ಹೇಳಿ ಹೇಳಿ ಸಾಕಾದ ಸೊಸೆ ಸಹನಾ, ಒಂದು ಬೆಳಿಗ್ಗೆ ಆಡು ಹೊಡೆದುಕೊಂಡು ಹೋಗುತ್ತಿದ್ದ ಕಾಳಕ್ಕನನ್ನು ಕೂಗಿದಳು.

"ನಮ್ಮ ಮಾವಗೆ ಕಾಲು ನೆಟ್ಟಗೈತೆ ಕಾಳಕ್ಕ, ಧೈರ್ಯ ಇಲ್ಲ. ಹಗ್ಗದ ಮ್ಯಾಲೆ ನಡೆದಾಕಿ ನೀನು, ಒಂಚೂರು ನೋಡು ಬಾ."

ಮೇಷ್ಟ್ರು ಸಿಡುಕಿದರು. "ಈ ವಯಸ್ನಾಗೆ ನಂಗೆ ದೊಂಬರಾಟ ಕಲಿಸ್ತೀಯೇನೇ?"

"ಆಟ ಬ್ಯಾಡ ಬಿಡ್ರಿ. ನಿಮಗೆ ಭಯ ನಡೆಯಾಕೋ, ಬೀಳಾಕೋ?"

ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು. "ಅವತ್ತು ಎರಡು ತಾಸು ಬಚ್ಚಲಾಗೇ ಬಿದ್ದಿದ್ದೆ. ಮನ್ಯಾಗೆ ಯಾರೂ ಇರಲಿಲ್ಲ. ಏಳಾಕೇ ಆಗ್ಲಿಲ್ಲ ಕಣೆ," ಎಂದರು. ಆ ಎರಡು ತಾಸಿನ ಮಾತನ್ನು ಸೊಸೆಯ ಹತ್ತಿರವೂ ಅವರು ಆಡಿರಲಿಲ್ಲ.

ಕಾಳಕ್ಕನಿಗೆ ಹೊಸದುರ್ಗದ ಸಂತೆ ನೆನಪಾಯಿತು. ಹನ್ನೊಂದರ ವಯಸ್ಸಿನಲ್ಲಿ ಅಲ್ಲಿ ಹಗ್ಗದಿಂದ ಬಿದ್ದು ಹೆಗಲೆಲುಬು ಮುರಿದಿತ್ತು. ಅದು ಕೂಡಿದ ಮೇಲೆ ಅಪ್ಪ ಅವಳನ್ನು ತಕ್ಷಣವೇ ಹಗ್ಗ ಹತ್ತಿಸಿರಲಿಲ್ಲ. ಒಂದು ತಿಂಗಳು ಮರಳಿನಲ್ಲಿ ಮಲಗಿಸಿ, ಎಡಕ್ಕೆ ಹೊರಳಿ ಏಳು, ಬಲಕ್ಕೆ ಹೊರಳಿ ಏಳು ಎಂದು ಅದನ್ನೇ ಮಾಡಿಸಿದ್ದ.

"ಹಂಗಾದ್ರೆ ಮೊದ್ಲು ಏಳಾದು ಕಲಿಯಾಣ," ಎಂದಳು ಕಾಳಕ್ಕ.

ಸಹನಾ ಡಾಕ್ಟರಿಗೆ ಫೋನ್ ಮಾಡಿ ಕೇಳಿದಳು. ನಿಧಾನವಾಗಿ ಮಾಡಿಸಿ ಎಂದರು. ಮರುದಿನದಿಂದ ನಡುಮನೆಯಲ್ಲಿ ಚಾಪೆ, ಪಕ್ಕದಲ್ಲೊಂದು ಗಟ್ಟಿ ಕುರ್ಚಿ. ಮೇಷ್ಟ್ರನ್ನು ಹಿಡಿದು ಚಾಪೆಗೆ ಇಳಿಸುವುದು, ಮಗ್ಗುಲಾಗಿಸುವುದು, ಮೊಣಕೈ ಊರಿಸಿ ಕುರ್ಚಿ ಹಿಡಿಸುವುದು. ಮೂರನೆಯ ದಿನ ಮೇಷ್ಟ್ರು ಟವೆಲ್ ಬೀಸಾಡಿ, "ನಾಳೆಯಿಂದ ಬರಬ್ಯಾಡ" ಎಂದುಬಿಟ್ಟರು. ಕಾಳಕ್ಕ ಬಂದಳು. ಒಳಗೆ ಇಬ್ಬರೂ ವಾದಿಸುತ್ತಿದ್ದಾಗ ಹೊರಗೆ ಆಡುಗಳು ಮೇಷ್ಟ್ರ ದಾಸವಾಳದ ಗಿಡವನ್ನು ಬೋಳಿಸಿದವು. ಅದಕ್ಕೆ ಬೈಯುತ್ತ ಬೈಯುತ್ತಲೇ ಮೇಷ್ಟ್ರು ಆವತ್ತಿನ ಪಾಠ ಮುಗಿಸಿದರು.

ಹದಿನಾರನೆಯ ದಿನ ಯಾರ ಕೈಯೂ ತಾಗದೆ, ಕುರ್ಚಿಯೊಂದನ್ನೇ ಹಿಡಿದು ಅವರು ಎದ್ದು ನಿಂತರು. ಸಹನಾ ಬಾಯಿಗೆ ಸೆರಗು ಒತ್ತಿಕೊಂಡಳು. ಮೇಷ್ಟ್ರು ಮಾತ್ರ ಏನೂ ಆಗಿಲ್ಲವೆಂಬಂತೆ, "ಲೇ ಕಾಳಿ, ನಿಂಗೆ ಈಗ್ಲೂ ಹಗ್ಗದ ಮ್ಯಾಲೆ ನಡೆಯಾಕೆ ಬರ್ತದಾ?" ಎಂದು ಕೇಳಿದರು.

"ಯಾರಿಗ್ಗೊತ್ತು!"

ಅಂಗಳದ ಎರಡು ತೆಂಗಿನ ಮರಗಳ ನಡುವೆ ಮೊಣಕಾಲೆತ್ತರಕ್ಕೆ ಹಗ್ಗ ಬಿಗಿದದ್ದಾಯಿತು. ಕಾಳಕ್ಕ ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು ಹತ್ತಿದಳು. ಎರಡು ಹೆಜ್ಜೆಗೆ ಕೆಳಗೆ. ಮತ್ತೆ ಹತ್ತಿದಳು, ಮತ್ತೆ ಕೆಳಗೆ. ಅವಳಿಗೇ ನಗು ತಡೆಯಲಾಗಲಿಲ್ಲ. ನಾಲ್ಕನೆಯ ಸಲ ಕಾಲ ಹೆಬ್ಬೆರಳಿನ ಸಂದಿಯಲ್ಲಿ ಹಗ್ಗ ಕೂತಿತು, ಅಂಗಾಲಿಗೆ ಅದರ ನಡುಕ ಹತ್ತಿತು. ತೋಳುಗಳು ತಾವಾಗಿಯೇ ಅಗಲವಾದವು. ಆಚೆ ಮರ ಮುಟ್ಟಿದಾಗ ಅವಳಿಗೆ ಉಸಿರು ಕಟ್ಟುವಷ್ಟು ಖುಷಿಯಾಗಿತ್ತು. ಸಂತೆಯಲ್ಲಿ ಜನ ಚಪ್ಪಾಳೆ ತಟ್ಟುವಾಗಲೂ ಹೀಗಾದದ್ದು ಅವಳಿಗೆ ನೆನಪಿರಲಿಲ್ಲ. ಆಗ ಅದು ದುಡಿಮೆ. ಇದು ಬರೀ ನಡಿಗೆ.

ಇದನ್ನೆಲ್ಲ ಬಾಗಿಲಿಂದ ನೋಡುತ್ತಿದ್ದ ಮೇಷ್ಟ್ರು ಕೋಲೂರಿಕೊಂಡು ಅಂಗಳಕ್ಕೆ ಇಳಿದರು. ಯುಗಾದಿಯ ಹೊತ್ತಿಗೆ ಹಾಲಿನ ಡೈರಿಯವರೆಗೆ ಹೋಗಿ ಬರತೊಡಗಿದ್ದರು. ಈಗ ಹಿರೇಗುಂಟನೂರಿನಿಂದ ಅನುಸೂಯ ಎಂಬಾಕೆ ಬಿದ್ದ ಮೇಲೆ ನಡೆಯಲು ಹೆದರುವ ತನ್ನ ಅತ್ತೆಯನ್ನು ಆಟೋದಲ್ಲಿ ಕಾಳಕ್ಕನ ಬಳಿಗೆ ಕರೆತರುತ್ತಾಳೆ. "ಬರ್ರಿ, ಕುಂತ್ಕಳ್ರಿ," ಎನ್ನುತ್ತಾಳೆ ಕಾಳಕ್ಕ, ಚಾಪೆ ಹಾಸುತ್ತ.